ಕರೆಂಟ್ ಹೋದ ಹದಿನಾಲ್ಕನೇ ರೌಂಡ್

ಕಾಳುಮೆಣಸು (ಗೋಣಿಕೊಪ್ಪ)

ಮೂರು ದಿನದಿಂದ ಬಿಡದೆ ಮಳೆ. ತೋಟಕ್ಕೆ ಇಳಿಯುವ ಹಾಗಿಲ್ಲ, ಇಳಿದರೆ ಜಿಗಣೆ. ನಿನ್ನೆ ರಾತ್ರಿ ‘ರಾಕಿ’ ಮತ್ತೆ ನೋಡಿದೆ. ಎಷ್ಟನೇ ಸಲ ಅಂತ ಲೆಕ್ಕ ಇಟ್ಟಿಲ್ಲ. ಅದಕ್ಕೇ ಈ ಪ್ರಶ್ನೆ: ಬಾಕ್ಸಿಂಗ್ ಸಿನಿಮಾ ಯಾಕೆ ಹಳೆಯದಾಗುವುದಿಲ್ಲ?

ಮೊದಲು ನನ್ನ ಕತೆ ಹೇಳಿಬಿಡುತ್ತೇನೆ. ತೊಂಬತ್ತರ ದಶಕ, ಆಗಲೂ ಇಂಥದೇ ಮಳೆಗಾಲ. ಮಿಲಿಟರಿಯಲ್ಲಿದ್ದ ಮಾವ ರಜೆಗೆ ಬಂದಿದ್ದರು. ಪೇಟೆಯಿಂದ ವಿಸಿಆರ್ ಬಾಡಿಗೆಗೆ ತಂದರು, ಜೊತೆಗೆ ಮೂರು ಕ್ಯಾಸೆಟ್. ಐನ್‌ಮನೆಯ ನಡುಕೋಣೆಯಲ್ಲಿ ನಾವು ಐದು ಮಕ್ಕಳು ಒಂದೇ ಕಂಬಳಿಯೊಳಗೆ. ಹೆಂಚಿನ ಮೇಲೆ ಮಳೆ ಎಷ್ಟು ಜೋರು ಎಂದರೆ ಮಾತು ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ಇಂಗ್ಲಿಷ್ ಯಾರಿಗೆ ಬರುತ್ತಿತ್ತು? ಆದರೂ ಎಲ್ಲ ಅರ್ಥವಾಗುತ್ತಿತ್ತು.

ಹದಿನಾಲ್ಕನೇ ರೌಂಡ್. ರಾಕಿ ಬಿದ್ದ. ಮುದುಕ ಕೋಚ್ ಕೆಳಗಿನಿಂದ ‘ಏಳಬೇಡ, ಏಳಬೇಡ’ ಎಂದು ಕೈ ಆಡಿಸುತ್ತಿದ್ದಾನೆ. ಎದುರಾಳಿ ಅಪೋಲೊ ಆಗಲೇ ಎರಡು ಕೈ ಮೇಲೆತ್ತಿದ್ದಾನೆ. ಇವನು ಹಗ್ಗ ಹಿಡಿದು ಎದ್ದು ನಿಂತ. ಟಪ್! ಕರೆಂಟ್ ಹೋಯಿತು.

ಕರೆಂಟ್ ಬಂದದ್ದು ಐದು ದಿನದ ಮೇಲೆ. ಅಷ್ಟರಲ್ಲಿ ವಿಸಿಆರ್ ವಾಪಸ್ ಹೋಗಿತ್ತು. ‘ಆಮೇಲೆ ಏನಾಯಿತು ಮಾವ?’ ಎಂದು ಕೇಳಿದೆವು. ‘ಗೆದ್ದ, ಮತ್ತೇನು’ ಎಂದರು. ನಾನು ಶಾಲೆಯಲ್ಲಿ ಈ ಗೆಲುವನ್ನು ಹಾವಭಾವದ ಸಮೇತ ಹೇಳಿಕೊಂಡು ತಿರುಗಿದೆ. ಮೈಸೂರಿನ ಹಾಸ್ಟೆಲ್‌ನಲ್ಲಿ ಪೂರ್ತಿ ನೋಡಿದಾಗಲೇ ಗೊತ್ತಾಗಿದ್ದು, ಅವನು ಸೋಲುತ್ತಾನೆ! ಅದೂ ತೀರ್ಪುಗಾರರ ನಡುವೆ ಒಮ್ಮತವಿಲ್ಲದ ತೀರ್ಪಿನಲ್ಲಿ. ವಿಚಿತ್ರ ಏನೆಂದರೆ ನನಗೆ ಬೇಜಾರೇ ಆಗಲಿಲ್ಲ.

ಟಿವಿಯಲ್ಲಿ ನಿಜವಾದ ಬಾಕ್ಸಿಂಗ್ ಬಂದರೆ ನಾನು ಚಾನೆಲ್ ಬದಲಾಯಿಸುತ್ತೇನೆ. ಸಿನಿಮಾ ಆದರೆ ಮಾತ್ರ ಬಿಡುವುದಿಲ್ಲ. ನಿಮಗೂ ಹೀಗಾ?

ಮಡಿಕೇರಿ ಮಂಜು

ಹಾವಭಾವದ ಸಮೇತ ಅಂದರೆ ಯಾರಿಗೆ ಗುದ್ದಿದಿರಿ, ಅದನ್ನು ಹೇಳಿ ಮೊದಲು.

ಹಾಕಿ ಸ್ಟಿಕ್ (ನಾಪೋಕ್ಲು)

ಕೊಡಗಿನಲ್ಲಿ ಕೂತು ಬಾಕ್ಸಿಂಗ್ ಮಾತಾಡುತ್ತೀರಲ್ಲ, ಕಾವೇರಮ್ಮ ಮೆಚ್ಚುತ್ತಾಳಾ? ತಮಾಷೆಗೆ ಹೇಳಿದೆ, ಆದರೆ ಸ್ವಲ್ಪ ನಿಜವೂ ಇದೆ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡದಿಂದ ಶುರುವಾದ ನಮ್ಮ ಕೌಟುಂಬಿಕ ಹಾಕಿ 2024ರಲ್ಲಿ ನಮ್ಮೂರಿನಲ್ಲಿ 360 ತಂಡ ಕಂಡಿತು. ಗಿನ್ನೆಸ್‌ನವರೂ ಒಪ್ಪಿಕೊಂಡರು. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ, ಮದುವೆಯಾಗಿ ಹೋದ ಮಗಳು ತವರಿನ ಪರ ಆಡಿದ್ದೂ ಇದೆ. ಇದಕ್ಕಿಂತ ಸಿನಿಮಾ ಬೇಕಾ? ಯಾರೂ ತೆಗೆಯುವುದಿಲ್ಲ. ಇಬ್ಬರು ಬರಿಮೈಯಲ್ಲಿ ಗುದ್ದಾಡಿದರೆ ಮಾತ್ರ ಎಲ್ಲರೂ ಕ್ಯಾಮೆರಾ ಹೊತ್ತು ಓಡುತ್ತಾರೆ. ಹಿಂಸೆ ನೋಡುವ ಚಟ, ಅಷ್ಟೇ.

ಕತ್ತರಿ (ಸೋಮವಾರಪೇಟೆ, ಈಗ ಬೆಂಗಳೂರು)

ಎಡಿಟಿಂಗ್ ನನ್ನ ಹೊಟ್ಟೆಪಾಡು, ಹಾಗಾಗಿ ಹಾಕಿ ಸ್ಟಿಕ್ ಅವರಿಗೆ ನಾನು ಉತ್ತರ ಕೊಡಬಹುದು ಅನಿಸುತ್ತದೆ.

ಹಾಕಿಯಲ್ಲಿ 22 ಜನ. ಚೆಂಡು ಅಂಗೈಯಷ್ಟು. ಯಾರ ಮುಖ ಹಿಡಿಯಬೇಕು ನಾನು? ಗೋಲಾಗುವ ಹೊತ್ತಿಗೆ ಹೊಡೆದವನ ಬೆನ್ನು ಮಾತ್ರ ಕಾಣುತ್ತದೆ. ಹಾಕಿ ಸಿನಿಮಾ ಗೆದ್ದಿದ್ದು ಕೋಚ್‌ನನ್ನು ನಾಯಕ ಮಾಡಿದಾಗ, ನೆನಪಿದೆಯಾ? ಬಾಕ್ಸಿಂಗ್‌ನಲ್ಲಿ ಇಬ್ಬರೇ. ನಾಲ್ಕು ಹಗ್ಗದೊಳಗೆ ಬೆಳಕು, ಹೊರಗೆಲ್ಲ ಕತ್ತಲೆ. ಅಂದರೆ ನಾಟಕದ ರಂಗ ಯಾರೋ ಕಟ್ಟಿಕೊಟ್ಟ ಹಾಗೆ. ಮೂರು ನಿಮಿಷಕ್ಕೊಂದು ಅಂಕ, ಅಂಕ ಮುಗಿದರೆ ಗಂಟೆ. ಇನ್ನೇನು ಬೇಕು?

ಸಿನಿಮಾ ಹುಟ್ಟಿದಾಗಿನಿಂದ ಈ ಸಂಬಂಧ ಇದೆ. 1894ರಲ್ಲಿ ಎಡಿಸನ್ ಕಂಪನಿಯವರು ತಮ್ಮ ಸ್ಟುಡಿಯೋದಲ್ಲಿ ಇಬ್ಬರು ಬಾಕ್ಸರ್‌ಗಳನ್ನು ನಿಲ್ಲಿಸಿ ಆರು ರೌಂಡ್ ಚಿತ್ರಿಸಿದರು. ಆಗ ಪರದೆ ಇರಲಿಲ್ಲ. ಪೆಟ್ಟಿಗೆಯೊಳಗೆ ಇಣುಕಿ ನೋಡಬೇಕಿತ್ತು, ಒಂದೊಂದು ರೌಂಡ್‌ಗೆ ಒಂದೊಂದು ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಬೇರೆ ದುಡ್ಡು. ಕಾಳುಮೆಣಸು ಅವರೇ, ನೀವು ಕೊನೆಯ ಪೆಟ್ಟಿಗೆಗೆ ದುಡ್ಡು ಸಾಲದೆ ವಾಪಸ್ ಬಂದವರು. ಮೂರೇ ವರ್ಷದಲ್ಲಿ, 1897ರಲ್ಲಿ, ಕಾರ್ಬೆಟ್ ಮತ್ತು ಫಿಟ್ಜ್‌ಸಿಮನ್ಸ್ ಪಂದ್ಯವನ್ನು ನೆವಾಡದಲ್ಲಿ ಪೂರ್ತಿ ಚಿತ್ರೀಕರಿಸಿದರು. ನೂರು ನಿಮಿಷಕ್ಕೂ ಜಾಸ್ತಿ! ಬೇರೆಯವರೆಲ್ಲ ಒಂದು ನಿಮಿಷದ ಚಿತ್ರ ತೆಗೆಯುತ್ತಿದ್ದ ಕಾಲ ಅದು.

ಕಾಳುಮೆಣಸು

ಪೆಟ್ಟಿಗೆಯ ಮಾತು ಕೇಳಿ ನಗು ಬಂತು. ನಾನು ಆ ಒಂದು ಪೆಟ್ಟಿಗೆಗೆ ಹತ್ತು ವರ್ಷ ಕಾದೆ.

ನೈಟ್ ಡ್ಯೂಟಿ (ಕುಶಾಲನಗರ)

ಆಸ್ಪತ್ರೆ ಕೆಲಸದವಳು ನಾನು. ನನಗೆ ಈ ಸಿನಿಮಾಗಳ ಮೇಲೆ ಒಂದು ಸಿಟ್ಟಿದೆ. ಗಂಟೆ ಹೊಡೆದ ಕೂಡಲೇ ಸಿನಿಮಾ ಮುಗಿಯುತ್ತದೆ, ಸಂಗೀತ ಏರುತ್ತದೆ, ಎಲ್ಲರೂ ಅಪ್ಪಿಕೊಳ್ಳುತ್ತಾರೆ. ತಲೆಗೆ ಬಿದ್ದ ಏಟಿನ ಲೆಕ್ಕ ಅಲ್ಲಿಂದ ಮುಂದೆ ಶುರುವಾಗುವುದು. ಮುಹಮ್ಮದ್ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾದದ್ದು 1984ರಲ್ಲಿ, ಆಗ ವಯಸ್ಸು 42. 1982ರಲ್ಲಿ ಕೊರಿಯಾದ ಬಾಕ್ಸರ್ ಕಿಮ್ ಡುಕ್-ಕೂ ಪಂದ್ಯದಲ್ಲಿ ಬಿದ್ದು ಕೆಲವೇ ದಿನದಲ್ಲಿ ತೀರಿಕೊಂಡ. ಆಮೇಲೆ ವಿಶ್ವ ಪ್ರಶಸ್ತಿ ಪಂದ್ಯಗಳನ್ನು 15 ರೌಂಡ್‌ನಿಂದ 12ಕ್ಕೆ ಇಳಿಸುತ್ತಾ ಬಂದರು. ನೀವು ಕೊಂಡಾಡುವ ಆ ಹದಿನಾಲ್ಕನೇ ರೌಂಡ್ ಈಗ ಎಲ್ಲೂ ಇಲ್ಲ. ಇಲ್ಲದಿರುವುದೇ ಒಳ್ಳೆಯದು.

ಆಸ್ಪತ್ರೆಯ ಒಳಗೆ ಬಂದು ಕೂತ ಒಂದೇ ಬಾಕ್ಸಿಂಗ್ ಸಿನಿಮಾ ನಾನು ನೋಡಿರುವುದು ‘ಮಿಲಿಯನ್ ಡಾಲರ್ ಬೇಬಿ’. ಹಿಲರಿ ಸ್ವ್ಯಾಂಕ್ ಅದರಲ್ಲಿ ಹಾಸಿಗೆಯ ಮೇಲೆ ಅಲುಗಾಡದೆ ಮಲಗಿರುವ ಭಾಗ ಇದೆಯಲ್ಲ, ಅದನ್ನು ಒಂದು ಸಲ ನೋಡಿದೆ. ಎರಡನೇ ಸಲ ನೋಡುವ ಧೈರ್ಯ ಇಲ್ಲ.

ಮಡಿಕೇರಿ ಮಂಜು

ಅಯ್ಯೋ ಅಕ್ಕ, ನಾನಿನ್ನೂ ನೋಡಿರಲಿಲ್ಲ. ಕತೆ ಹೇಳಿಬಿಟ್ಟಿರಿ.

ನೈಟ್ ಡ್ಯೂಟಿ

2004ರ ಸಿನಿಮಾ ಅದು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?

ಹಳೇ ಗ್ಲೌಸ್ (ವಿರಾಜಪೇಟೆ)

ಹಿಂಸೆ ನೋಡುವ ಚಟ ಎಂದು ಯಾರೋ ಬರೆದಿದ್ದಾರೆ. ನಾನು ಸೇನೆಯಲ್ಲಿದ್ದಾಗ ಆರು ವರ್ಷ ಗ್ಲೌಸ್ ಹಾಕಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಮಳೆ ಇದೆ, ಓದಿ.

ಮೊದಲ ವಿಷಯ, ಸಿನಿಮಾದಲ್ಲಿ ಯಾರೂ ಗಾರ್ಡ್ ಎತ್ತುವುದೇ ಇಲ್ಲ. ಎರಡೂ ಕೈ ಸೊಂಟದ ಹತ್ತಿರ, ಮುಖ ಮುಂದೆ, ಹೊಡಿ ಬಾ ಅಂತ. ಹತ್ತು ಗುದ್ದಿನಲ್ಲಿ ಹತ್ತೂ ತಾಗುತ್ತವೆ. ನಿಜದಲ್ಲಿ ಹತ್ತರಲ್ಲಿ ಏಳು ಗಾಳಿಗೆ ಹೋಗುತ್ತವೆ. ಗಾಳಿಗೆ ಹೋದ ಗುದ್ದೇ ಜಾಸ್ತಿ ಸುಸ್ತು ಮಾಡುವುದು. ಅರ್ಧ ಪಂದ್ಯ ಕಾಲಿನಲ್ಲಿ ನಡೆಯುತ್ತದೆ, ಕೈಯಲ್ಲಿ ಅಲ್ಲ. ನಮ್ಮದು ಮೂರೇ ರೌಂಡ್. ಮೂರನೆಯದರಲ್ಲಿ ಕೈ ಎತ್ತುವುದೇ ಒಂದು ಕೆಲಸ. ಒಂದೊಂದು ಗ್ಲೌಸ್ ಸಿಮೆಂಟ್ ಚೀಲದ ಹಾಗೆ.

ಇನ್ನೊಂದು, ಯಾವ ಸಿನಿಮಾವೂ ಸರಿಯಾಗಿ ತೋರಿಸದ ವಿಷಯ ಹಸಿವು. ತೂಕ ನೋಡುವ ದಿನ ಬೆಳಿಗ್ಗೆ ಅರ್ಧ ಕೆ.ಜಿ. ಜಾಸ್ತಿ ಇದ್ದರೆ ರೈನ್‌ಕೋಟ್ ಹಾಕಿಕೊಂಡು ಸ್ಕಿಪ್ಪಿಂಗ್ ಮಾಡಿಸುತ್ತಿದ್ದರು. ನೀರು ಕೂಡ ಇಲ್ಲ, ಬಾಯಿ ಮುಕ್ಕಳಿಸಿ ಉಗಿಯಬೇಕು. ಆಗ ನನ್ನ ಕಣ್ಣಮುಂದೆ ಬರುತ್ತಿದ್ದದ್ದು ಎದುರಾಳಿಯ ಮುಖ ಅಲ್ಲ, ಅಮ್ಮ ಮಾಡುವ ಕಡುಂಬಿಟ್ಟು, ಪಂದಿ ಕರಿ.

ಆದರೂ ನಾನು ಈ ಸಿನಿಮಾ ನೋಡುತ್ತೇನೆ. ತಪ್ಪು ಹುಡುಕುತ್ತಾ ನೋಡುತ್ತೇನೆ, ಹೆಂಡತಿ ಬೈಯುತ್ತಾಳೆ. ಯಾಕೆ ನೋಡುತ್ತೇನೆ ಎಂದರೆ ಆ ಒಂದು ನಿಮಿಷಕ್ಕೆ. ರೌಂಡ್ ಮುಗಿದ ಮೇಲೆ ಮೂಲೆಯಲ್ಲಿ ಸ್ಟೂಲ್ ಮೇಲೆ ಕೂರುವ ಒಂದು ನಿಮಿಷ ಇದೆಯಲ್ಲ, ಅದನ್ನು ಎಲ್ಲ ಸಿನಿಮಾದವರೂ ಸರಿಯಾಗಿ ಹಿಡಿದಿದ್ದಾರೆ. ಯಾರೋ ನಿನ್ನ ಹಲ್ಲಿನ ಗಾರ್ಡ್ ತೆಗೆಯುತ್ತಾನೆ. ಸ್ಪಂಜಿನಲ್ಲಿ ನೀರು ಹಿಂಡುತ್ತಾನೆ. ಹುಬ್ಬಿಗೆ ವ್ಯಾಸಲಿನ್ ಒರೆಸುತ್ತಾನೆ. ಏನೋ ಹೇಳುತ್ತಾನೆ, ಒಂದು ಪದವೂ ತಲೆಗೆ ಹೋಗುವುದಿಲ್ಲ. ಆದರೆ ಅವನ ಕೈ ನಿನ್ನ ಕುತ್ತಿಗೆಯ ಮೇಲಿರುತ್ತದೆ. ನನ್ನ ಮೂಲೆಯಲ್ಲಿದ್ದದ್ದು ಒಬ್ಬ ತಮಿಳು ಸುಬೇದಾರ್ ಸಾಹೇಬರು. ಅವರು ನನ್ನನ್ನು ‘ಮಗನೇ’ ಎಂದು ಕರೆದದ್ದು ಆ ಒಂದು ನಿಮಿಷದಲ್ಲಿ ಮಾತ್ರ. ಉಳಿದ ಹೊತ್ತು ಬರೀ ಬೈಗುಳ.

ಆ ಸ್ಟೂಲ್ ತೆಗೆದುಬಿಟ್ಟರೆ ಬಾಕ್ಸಿಂಗ್ ಸಿನಿಮಾ ಇಲ್ಲ. ಬರೀ ಹೊಡೆದಾಟ ಬೇಕಾದರೆ ನಮ್ಮ ಯಾವ ಮಾಸ್ ಸಿನಿಮಾದಲ್ಲೂ ಸಿಗುತ್ತದೆ. ಅಲ್ಲಿ ನಾಯಕನಿಗೆ ಸುಸ್ತೇ ಆಗುವುದಿಲ್ಲ, ಅದಕ್ಕೇ ಅವನಿಗೆ ಸ್ಟೂಲೂ ಬೇಡ, ಮೂಲೆಯಲ್ಲಿ ಜನವೂ ಬೇಡ.

ಕಾಳುಮೆಣಸು

ಹಳೇ ಗ್ಲೌಸ್ ಅವರೇ, ಇದನ್ನು ಎರಡು ಸಲ ಓದಿದೆ. ಈಗ ಅರ್ಥವಾಯಿತು ನೋಡಿ. ನಮಗೆ ಇಂಗ್ಲಿಷ್ ಬಾರದಿದ್ದರೂ ಎಲ್ಲ ತಿಳಿಯುತ್ತಿತ್ತು ಎಂದೆನಲ್ಲ, ಅದು ಆ ಮೂಲೆಯಿಂದಲೇ ಇರಬೇಕು.

ಕತ್ತರಿ

ನೂರಕ್ಕೆ ನೂರು. ನಾವು ಎಡಿಟ್ ಮಾಡುವಾಗಲೂ ಗುದ್ದಿನ ಶಾಟ್ ಚಿಕ್ಕದು, ಸ್ಟೂಲಿನ ಶಾಟ್ ಉದ್ದ.

ಗುದ್ದಿನ ವಿಷಯ ಬಂದಿದ್ದಕ್ಕೆ ಒಂದು ಮಾತು. 1980ರ ‘ರೇಜಿಂಗ್ ಬುಲ್’ನಲ್ಲಿ ನಿರ್ದೇಶಕ ಸ್ಕಾರ್ಸೇಸಿ ಕ್ಯಾಮೆರಾವನ್ನು ಹಗ್ಗದೊಳಗೇ ಇಳಿಸಿದರು. ನಾವು ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ನೋಡುವುದಿಲ್ಲ, ಏಟು ತಿನ್ನುವವನ ಜಾಗದಲ್ಲಿ ನಿಂತು ನೋಡುತ್ತೇವೆ. ರಿಂಗ್‌ನ ಅಳತೆಯನ್ನೂ ಪಂದ್ಯದಿಂದ ಪಂದ್ಯಕ್ಕೆ ಬದಲಾಯಿಸಿದ್ದಾರೆ, ಬಾಕ್ಸರ್‌ನ ಮನಸ್ಸು ಹೇಗಿದೆಯೋ ಹಾಗೆ. ಗುದ್ದಿನ ಸದ್ದಿಗೆ ಕಲ್ಲಂಗಡಿ ಜಾತಿಯ ಹಣ್ಣು, ಟೊಮೆಟೊ ಹಿಸುಕಿ ರೆಕಾರ್ಡ್ ಮಾಡಿದರು. ಕಪ್ಪು ಬಿಳುಪು ಚಿತ್ರವಾದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್. ನಾಯಕ ನಟ ಡಿ ನಿರೋ ಅದೇ ಬಾಕ್ಸರ್ ಲಾಮೊಟ್ಟಾನ ಮುದಿ ವಯಸ್ಸಿನ ಪಾತ್ರಕ್ಕೆ ಸುಮಾರು 27 ಕೆ.ಜಿ. ದಪ್ಪವಾದರು. ಅದಕ್ಕೆ ಅವರಿಗೆ ಆಸ್ಕರ್, ಎಡಿಟರ್ ತೆಲ್ಮಾ ಸ್ಕೂನ್‌ಮೇಕರ್‌ಗೂ ಆಸ್ಕರ್. ಎರಡನೆಯದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಅದಕ್ಕೇ ಹೇಳಿದೆ.

‘ರಾಕಿ’ಯ ದುಡ್ಡಿನ ಕತೆ ಇದಕ್ಕೆ ತದ್ವಿರುದ್ಧ. ಹತ್ತು ಲಕ್ಷ ಡಾಲರ್ ಆಸುಪಾಸು ಬಜೆಟ್, 28 ದಿನದ ಚಿತ್ರೀಕರಣ. ಫಿಲಡೆಲ್ಫಿಯಾದ ಮ್ಯೂಸಿಯಂನ 72 ಮೆಟ್ಟಿಲು ಹತ್ತುವ ದೃಶ್ಯ ಇದೆಯಲ್ಲ, ಅದು ಆಗಷ್ಟೇ ಬಂದಿದ್ದ ಸ್ಟೆಡಿಕ್ಯಾಮ್‌ನಿಂದ ಬಂದದ್ದು. ಓಡುವವನ ಜೊತೆ ಕ್ಯಾಮೆರಾವೂ ಅಲುಗದೆ ಓಡಿತು.

ಮಡಿಕೇರಿ ಮಂಜು

ನಾನೂ ಒಮ್ಮೆ ರಾಜಾಸೀಟ್‌ನ ಮೆಟ್ಟಿಲು ಹತ್ತಿ ಎರಡು ಕೈ ಎತ್ತಿದ್ದೆ. ಮಂಜು ಎಷ್ಟಿತ್ತೆಂದರೆ ಫೋಟೋದಲ್ಲಿ ನಾನೇ ಇಲ್ಲ.

ಏಲಕ್ಕಿ ಟೀಚರ್ (ಪೊನ್ನಂಪೇಟೆ)

ಎಲ್ಲ ಅಮೆರಿಕದ್ದೇ ಆಯಿತು. ನಮ್ಮ ಪಕ್ಕದ ತಮಿಳಿನವರ ‘ಸರ್‌ಪಟ್ಟ ಪರಂಬರೈ’ ಯಾರೂ ನೋಡಿಲ್ವಾ? ಕೊರೊನಾ ಕಾಲದಲ್ಲಿ, 2021ರಲ್ಲಿ, ಥಿಯೇಟರ್‌ಗೆ ಬರದೆ ನೇರ ಒಟಿಟಿಗೆ ಬಂತು. ಎಪ್ಪತ್ತರ ದಶಕದ ಉತ್ತರ ಮದ್ರಾಸ್. ಅಲ್ಲಿ ಬಾಕ್ಸರ್ ಒಬ್ಬನೇ ರಿಂಗ್‌ಗೆ ಇಳಿಯುವುದಿಲ್ಲ. ಅವನ ಹಿಂದೆ ಇಡೀ ಪರಂಪರೆ ಇಳಿಯುತ್ತದೆ. ಸೋತರೆ ಒಂದು ಕೇರಿಯೇ ತಲೆ ತಗ್ಗಿಸುತ್ತದೆ.

ಹಾಕಿ ಸ್ಟಿಕ್ ಅವರೇ, ಇದು ನಿಮಗೆ ಅರ್ಥವಾಗಬೇಕು. ನಮ್ಮ ಒಕ್ಕದ, ಅಂದರೆ ಮನೆತನದ, ಹೆಸರು ಬೆನ್ನ ಮೇಲೆ ಬರೆದುಕೊಂಡು ಮೈದಾನಕ್ಕೆ ಇಳಿಯುವುದು ಇನ್ನೇನು? ಮೊದಲ ಸುತ್ತಿನಲ್ಲೇ ಸೋತ ವರ್ಷ ನಮ್ಮ ಮನೆಯಲ್ಲಿ ದೊಡ್ಡವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನನಗೆ ಆ ಸಿನಿಮಾದಲ್ಲಿ ತುಂಬ ಹಿಡಿಸಿದ್ದು ತಾಯಿ. ಮಗ ಬಾಕ್ಸಿಂಗ್ ಕಡೆ ತಲೆ ಹಾಕಿದರೂ ಸಾಕು, ಬಾರಿಸುತ್ತಾಳೆ. ಗಂಡ ಇದೇ ದಾರಿಯಲ್ಲಿ ಹಾಳಾಗಿದ್ದನ್ನು ಕಂಡವಳು. ಈ ಸಿನಿಮಾಗಳಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಅಳುವ ಕೆಲಸ, ಇಲ್ಲಾ ಗ್ಯಾಲರಿಯಲ್ಲಿ ಕಣ್ಣು ಮುಚ್ಚಿಕೊಳ್ಳುವ ಕೆಲಸ. ಅದಕ್ಕೇ ಹೆಣ್ಣು ಬಾಕ್ಸರ್ ಕತೆಯ ತಮಿಳು ಸಿನಿಮಾ ‘ಇರುದಿ ಸುಟ್ರು’ ಬಂದಾಗ ಖುಷಿಯಾಯಿತು. ರಿತಿಕಾ ಸಿಂಗ್ ನಟಿಯಾಗುವ ಮೊದಲು ನಿಜವಾಗಿಯೂ ರಿಂಗ್‌ನಲ್ಲಿ ಕಾದಾಡಿದವಳು. ಅದು ಅವಳ ಭುಜದಲ್ಲೇ ಕಾಣುತ್ತದೆ. ನಮ್ಮ ಶಾಲೆಯ ಹುಡುಗಿಯರಿಗೆ ಮೇರಿ ಕೋಮ್ ಗೊತ್ತು, 2012ರ ಲಂಡನ್ ಪದಕವೂ ಗೊತ್ತು. ಮಹಿಳಾ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ ಎಂದು ಹೇಳಿದರೆ ನಂಬುವುದಿಲ್ಲ. ‘ಅಲ್ಲಿ ತನಕ ಯಾಕೆ ಬಿಡಲಿಲ್ಲ ಟೀಚರ್?’ ಅಂತ ಕೇಳುತ್ತಾರೆ.

ಕತ್ತರಿ

ಕನ್ನಡದಲ್ಲೂ ಇವೆ. ಅಪ್ಪು ಅವರ ‘ಮೌರ್ಯ’ 2004ರಲ್ಲಿ, ಸುದೀಪ್ ಅವರ ‘ಪೈಲ್ವಾನ್’ 2019ರಲ್ಲಿ. ಎರಡನೆಯದರಲ್ಲಿ ಕುಸ್ತಿಯವನು ಬಾಕ್ಸಿಂಗ್‌ಗೆ ಇಳಿಯುತ್ತಾನೆ. ಆದರೆ ನಮ್ಮಲ್ಲಿ ನಾಯಕ ಸೋಲುವ ಹಾಗಿಲ್ಲ ನೋಡಿ. ಸೋತರೆ ಅಭಿಮಾನಿಗಳು ಸುಮ್ಮನಿರುತ್ತಾರಾ?

ಹಾಕಿ ಸ್ಟಿಕ್

ಟೀಚರ್ ಹೇಳಿದ್ದು ಒಪ್ಪಿದೆ. ಪರಂಪರೆ, ಒಕ್ಕ, ಸರಿ. ಆದರೆ ಒಂದು ಪ್ರಶ್ನೆ ಉಳಿಯಿತು. ಕೊಡಗಿಗೂ ಬಾಕ್ಸಿಂಗ್‌ಗೂ ಏನು ಸಂಬಂಧ? ನಾವು ಒಬ್ಬರಿಗೊಬ್ಬರು ಎದುರು ನಿಂತು ಹೊಡೆದಾಡುವ ಜನ ಅಲ್ಲ.

ಹಳೇ ಗ್ಲೌಸ್

ಅಲ್ವಾ? ಪುತ್ತರಿ ಹಬ್ಬದ ಸಮಯದಲ್ಲಿ ಊರ ಮೈದಾನದಲ್ಲಿ, ನಮ್ಮ ಮಂದ್‌ನಲ್ಲಿ, ಪರೆಯ ಕಳಿ ನೋಡಿಲ್ವಾ ನೀವು? ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ. ಮಂಡಿಯ ಕೆಳಗೆ ಮಾತ್ರ ಹೊಡೆಯಬೇಕು. ಸುತ್ತ ಊರೆಲ್ಲ ನಿಂತಿರುತ್ತದೆ. ಹಗ್ಗ ಒಂದಿಲ್ಲ, ಅಷ್ಟೇ ವ್ಯತ್ಯಾಸ. ಮೊದಲ ಸಲ ರಿಂಗ್‌ಗೆ ಇಳಿದಾಗ ನನ್ನ ಕಾಲಿಗೆ ಗೊತ್ತಿದ್ದ ಹೆಜ್ಜೆ ಅದೊಂದೇ.

ಇನ್ನೊಂದು ಹೇಳುತ್ತೇನೆ, ಕೂತುಕೊಂಡು ಓದಿ. ಕತ್ತರಿ ಅವರು ‘ರಾಕಿ’ ಬಗ್ಗೆ ಬರೆದರಲ್ಲ, ಅದು ಬಂದದ್ದು 1976ರ ಕೊನೆಯಲ್ಲಿ. ಅದೇ 1976ರ ಜುಲೈನಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್. ಅಲ್ಲಿ ಬಾಕ್ಸಿಂಗ್‌ನಲ್ಲಿ ಭಾರತದ ಪರ ಇಳಿದವರಲ್ಲಿ ನಮ್ಮ ಕೊಡಗಿನ ಚೇನಂಡ ಮಾಚಯ್ಯ ಒಬ್ಬರು. ಲೈಟ್ ವೆಲ್ಟರ್‌ವೇಟ್. ಆಮೇಲೆ ಅರ್ಜುನ ಪ್ರಶಸ್ತಿಯೂ ಬಂತು. ಆ ಸಲ ಅದೇ ತೂಕದಲ್ಲಿ ಚಿನ್ನ ಗೆದ್ದವನು ಯಾರು ಗೊತ್ತಾ? ಮುಂದೆ ವಿಶ್ವ ಚಾಂಪಿಯನ್ ಆದ ಶುಗರ್ ರೇ ಲಿಯೊನಾರ್ಡ್! ಹೆಸರು ಕೇಳಿರುತ್ತೀರಿ. ಒಂದೇ ಊರು, ಒಂದೇ ತೂಕದ ಪಟ್ಟಿ, ಒಂದು ಕಡೆ ಲಿಯೊನಾರ್ಡ್, ಇನ್ನೊಂದು ಕಡೆ ನಮ್ಮ ಮಾಚಯ್ಯ. ನಾವು ಸೇನೆಗೆ ಸೇರಿದ ಹೊಸತರಲ್ಲಿ ಬಾಕ್ಸಿಂಗ್ ಆಯ್ದುಕೊಂಡ ಕೊಡಗಿನ ಹುಡುಗರಿಗೆ ಆ ಹೆಸರು ಹೇಳಿಯೇ ಕಳಿಸುತ್ತಿದ್ದರು.

ಹಾಕಿ ಸ್ಟಿಕ್

ಇದು ನನಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಇಲ್ಲೇ ಬದುಕಿದ್ದೇನೆ. ಗಣೇಶ್, ಗೋವಿಂದ, ಸೋಮಯ್ಯ, ಸುಬ್ಬಯ್ಯ, ಹಾಕಿಯ ಪ್ರತಿ ಹೆಸರೂ ಬಾಯಿಪಾಠ. ಇದೊಂದು ಬಿಟ್ಟುಹೋಗಿತ್ತು.

ಏಲಕ್ಕಿ ಟೀಚರ್

ನನಗೂ. ನಾಳೆ ಮಕ್ಕಳಿಗೆ ಹೇಳುತ್ತೇನೆ. ಯಾರಾದರೂ ಸಿನಿಮಾ ಮಾಡಲಿ ಅಂತ ಬರೆಯೋಣ ಅಂದುಕೊಂಡೆ, ಆದರೆ ಮಾಡಿದರೆ ಮಾಂಟ್ರಿಯಲ್‌ನಲ್ಲಿ ಚಿನ್ನ ಗೆಲ್ಲಿಸಿಬಿಡುತ್ತಾರೆ. ಸದ್ಯ ಬೇಡ.

ನೈಟ್ ಡ್ಯೂಟಿ

ಟೀಚರ್, ಈ ಮಾತಿಗೆ ನನ್ನ ಓಟು. ನೋಡಿ, ನನಗೂ ‘ರಾಕಿ’ ಬಗ್ಗೆ ಪೂರ್ತಿ ಸಿಟ್ಟಿಲ್ಲ. ಪಂದ್ಯದ ಹಿಂದಿನ ರಾತ್ರಿ ಅವನು ಹಾಸಿಗೆಯಲ್ಲಿ ಮಲಗಿ ಪ್ರೇಯಸಿ ಏಡ್ರಿಯನ್‌ಗೆ ಹೇಳುತ್ತಾನಲ್ಲ, ನನಗೆ ಗೆಲ್ಲಲು ಆಗುವುದಿಲ್ಲ, ಕೊನೆ ಗಂಟೆಯವರೆಗೆ ನಿಂತಿದ್ದರೆ ಸಾಕು ಅಂತ. ರಾತ್ರಿ ಪಾಳಿಯಲ್ಲಿ ಇಂಥ ಮಾತು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಮಗಳ ಮದುವೆ ತನಕ, ಪುತ್ತರಿ ತನಕ, ಕಾಫಿ ಕೊಯ್ಲು ಮುಗಿಯುವ ತನಕ.

ಕತ್ತರಿ

ಆ ಕತೆಗೆ ಬೀಜವೂ ಅಂಥದೇ. 1975ರ ಮಾರ್ಚ್‌ನಲ್ಲಿ ಚಕ್ ವೆಪ್ನರ್ ಎಂಬ ಯಾರೂ ಲೆಕ್ಕಕ್ಕೆ ಇಡದ ಬಾಕ್ಸರ್ ಅಲಿ ಎದುರು ಹದಿನೈದನೇ ರೌಂಡ್‌ವರೆಗೆ ನಿಂತ. ಕೊನೆ ಗಂಟೆಗೆ 19 ಸೆಕೆಂಡ್ ಇದ್ದಾಗ ರೆಫ್ರಿ ನಿಲ್ಲಿಸಿದರು. ಅದನ್ನು ನೋಡಿದ ಸ್ಟಲೋನ್, ಮುಂದೆ ರಾಕಿಯ ಪಾತ್ರ ಮಾಡಿದವರು, ಕತೆ ಬರೆಯಲು ಕೂತರು. ಸಿನಿಮಾದಲ್ಲಿ ಆ 19 ಸೆಕೆಂಡ್ ತಾವೇ ಕೊಟ್ಟರು. ಗೆಲುವು ಕೊಡಲಿಲ್ಲ. ಇನ್ನೊಂದು ಗಮನಿಸಿ, ಕೊನೆಯಲ್ಲಿ ತೀರ್ಪು ಓದುವಾಗ ರಾಕಿ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಜನರ ಗದ್ದಲ, ಸಂಗೀತ, ಏಡ್ರಿಯನ್ ಏಡ್ರಿಯನ್ ಎಂಬ ಕೂಗು, ಅದರ ಹಿಂದೆಲ್ಲೋ ಅಪೋಲೊನ ಹೆಸರು. ಬೇಕಂತಲೇ ಫಲಿತಾಂಶವನ್ನು ಗದ್ದಲದಲ್ಲಿ ಮುಳುಗಿಸಿದ್ದಾರೆ. ಕಾಳುಮೆಣಸು ಅವರ ಮನೆಯಲ್ಲಿ ಆ ಕೆಲಸವನ್ನು ಕರೆಂಟಿನವರು ಸ್ವಲ್ಪ ಮುಂಚೆ ಮಾಡಿದರು, ಅಷ್ಟೇ.

ಕಾಳುಮೆಣಸು

ಈಗ ಒಂದು ಸುದ್ದಿ. ಇದನ್ನೆಲ್ಲ ಓದಿ ತಡೆಯಲಾಗದೆ ಮಾವನಿಗೆ ಫೋನ್ ಮಾಡಿದೆ. ಅವರಿಗೆ ಈಗ ಎಪ್ಪತ್ತರ ಮೇಲೆ. ‘ಮಾವ, ರಾಕಿ ಗೆದ್ದ ಅಂತ ಯಾಕೆ ಸುಳ್ಳು ಹೇಳಿದಿರಿ?’ ಎಂದು ಕೇಳಿದೆ. ಯಾವ ರಾಕಿ ಎಂದರು. ವಿಸಿಆರ್, ಕಂಬಳಿ, ಕರೆಂಟ್ ಎಲ್ಲ ನೆನಪು ಮಾಡಿಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ನಾನೂ ನೋಡಿರಲಿಲ್ಲ ಮಾರಾಯ. ನೀವು ಐದು ಜನ ಕತ್ತಲಲ್ಲಿ ಅಳುವ ಮುಖ ಮಾಡಿಕೊಂಡು ಕೂತಿದ್ದಿರಿ. ಏನಾದರೂ ಹೇಳಬೇಕಿತ್ತಲ್ಲ.’

ಆಮೇಲೆ ಅವರೇ ಕೇಳಿದರು, ‘ಹಾಗಾದರೆ ಏನಾಯಿತು, ಗೆಲ್ಲಲಿಲ್ವಾ ಅವನು?’

ನಾನು ಹೇಳಲಿಲ್ಲ. ಭಾನುವಾರ ಬನ್ನಿ ಎಂದಿದ್ದೇನೆ. ನೀವೂ ಬರಬಹುದು, ಹತ್ತಿರದವರು. ಟಿವಿ ದೊಡ್ಡದಿದೆ, ಕಾಫಿ ನಮ್ಮದೇ ತೋಟದ್ದು. ಜನರೇಟರ್ ಮಾತ್ರ ನಮ್ಮಲ್ಲಿಲ್ಲ.

ಹಾಕಿ ಸ್ಟಿಕ್

ಜನರೇಟರ್ ನಮ್ಮ ಮನೆಯದು ತರುತ್ತೇನೆ. ಡೀಸೆಲ್ ಯಾರು ತರುತ್ತೀರಿ?

ಮಡಿಕೇರಿ ಮಂಜು

ನಾನು. ಆದರೆ ಯಾರೂ ಕತೆ ಹೇಳಬೇಡಿ, ನಾನು ರಾಕಿಯೂ ನೋಡಿಲ್ಲ.

ನೈಟ್ ಡ್ಯೂಟಿ

ಈ ಪುಟ ಮೇಲಿನಿಂದ ಓದಿಲ್ವಾ ನೀವು?!